ಮಂಪರು ಸೂಜಿಯೂ ಅಣ್ಣನ ಟವೆಲೂ

ಲಕ್ವ ಹೊಡೆದ ಮೇಲೆ ಅಣ್ಣನ ಕೈಕಾಲು ಬೇಗ ಸುಧಾರಿಸಿದವು. ಕೆಟ್ಟದ್ದು ಮಾತು. ನಿಂತುಹೋಗಿದ್ದರೆ ಹೇಗೋ ಒಗ್ಗಿಕೊಳ್ಳುತ್ತಿದ್ದೆವು. ಅದು ನಿಲ್ಲಲೇ ಇಲ್ಲ. ಹಿರಿಯೂರು ಸಂತೆಯಲ್ಲಿ ಕುರಿ ದಲ್ಲಾಳಿಯಾಗಿದ್ದವನು. ಅದೇ ಗತ್ತು, ಅದೇ ಏರಿಳಿತ, ಅರ್ಥ ಮಾತ್ರ ಇಲ್ಲ. "ಆ ಗಡುಮೆ ಕಟ್ಟಾಕ್ಲೇ, ಕೊಪ್ಪಳಿ ತಿರುವಿ ಹೋಗ್ಬಿಡ್ತೈತೆ!" ಎಂದು ನನ್ನ ಮುಖ ನೋಡಿ ಉತ್ತರಕ್ಕೆ ಕಾಯುತ್ತಿದ್ದ. ನಾವು ಆಡಿದ್ದೂ ಅವನಿಗೆ ಹಾಗೇ ಕೇಳಿಸುತ್ತಿತ್ತೇನೋ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೊಸದುರ್ಗದಲ್ಲಿ ವೆಲ್ಡಿಂಗ್ ಶಾಪು ಇಟ್ಟು, ನನ್ನ ಗೇಟು ಇಲ್ಲದ ಬೀದಿಯೇ ಇಲ್ಲ ಎನ್ನುವಷ್ಟು ದುಡಿದಿದ್ದೇನೆ. ಮುರಿದದ್ದನ್ನು ಬೆಸೆಯದೆ ಕೈಬಿಟ್ಟು ಅಭ್ಯಾಸವಿಲ್ಲ. ಹಾಗಾಗಿ ದುರ್ಗದ ಜಿಲ್ಲಾಸ್ಪತ್ರೆಯ ಡಾಕ್ಟರಮ್ಮ ತಮ್ಮ ಸಂಶೋಧನೆಯ ಮಾತೆತ್ತಿದ ಕೂಡಲೇ ಒಪ್ಪಿಬಿಟ್ಟೆ. ಬಾರ್ಬಿಟ್ಯುರೇಟ್ ಎಂಬ ಜಾತಿಯ ಮಂಪರು ಔಷಧಿಯಂತೆ. ನಿದ್ದೆ ಹತ್ತದಷ್ಟು, ಸ್ವಲ್ಪವೇ ಸ್ವಲ್ಪ ನರಕ್ಕೆ ಕೊಟ್ಟು, ಮಾತಿನ ಓಟ ತಗ್ಗಿದಾಗ ಸರಿಯಾದ ಪದ ಸಿಗುತ್ತದೆಯೇ ಎಂದು ನೋಡುವುದು. "ಇದು ಚಿಕಿತ್ಸೆ ಅಂತ ತಿಳ್ಕೋಬೇಡಿ, ಔಷಧಿ ಇಳಿದ ಮೇಲೆ ಮೊದಲಿನ ಹಾಗೇ ಇರ್ತಾರೆ" ಅಂದರು. ನನ್ನ ಕಿವಿಯಲ್ಲಿ ಉಳಿದದ್ದು 'ಸರಿಯಾದ ಪದ' ಅಷ್ಟೇ.

ಮೊದಲ ಸಲ ನಾನು ಕೂರಲಾರದೆ ಬಾಗಿಲಿಗೂ ಕಿಟಕಿಗೂ ತಿರುಗುತ್ತಿದ್ದೆ. "ಕುಂತ್ಕಳ್ರಿ, ಇಲ್ಲಾಂದ್ರೆ ನಿಮಗೂ ಒಂದು ಸೂಜಿ ಹಾಕ್ತೀನಿ" ಎಂದು ನರ್ಸಮ್ಮ ಗದರಿದರು. ಅಣ್ಣನ ಮಾತು ನಿಧಾನವಾಗಿ ಇಳಿಯಿತು. ಡಾಕ್ಟರಮ್ಮ ಬಾಚಣಿಗೆ ಎತ್ತಿ ಹಿಡಿದರು. ಬಹಳ ಹೊತ್ತು ನೋಡಿ, "ಬಾಚಣ್ಗೆ" ಅಂದ. ನಾನು ಕೂಗಿಯೇಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಆ ಪದವೂ ಹೋಗಿತ್ತು. ಆಕಸ್ಮಿಕವಾಗಿಯೂ ಬಂದಿರಬಹುದು ಎಂದರು ಡಾಕ್ಟರಮ್ಮ. ನಾನು ನಂಬಲಿಲ್ಲ. ಶಾಪಿನಲ್ಲಿ ಕಬ್ಬಿಣ ಕುಯ್ಯುವಾಗಲೂ ಅದೇ ಪದ ಕೇಳುತ್ತಿತ್ತು.

ಎರಡನೇ ಸಲ ಅಷ್ಟೇ ಔಷಧಿಗೆ ತಲೆ ವಾಲಿಸಿಬಿಟ್ಟ. ಜೊಲ್ಲು ಇಳಿಯಿತು. ಎಚ್ಚರವಾದ ಮೇಲೆ ವಾಂತಿ. ಊರು ಸೇರುವವರೆಗೂ ನನ್ನ ಕಡೆ ತಿರುಗಲಿಲ್ಲ.

ಮೂರನೇ ಸಲ ಡಾಕ್ಟರಮ್ಮ ಸೂಜಿ ಮುಟ್ಟಲಿಲ್ಲ. "ಇವರಿಗೆ ಇಷ್ಟ ಐತೋ ಇಲ್ವೋ ಗೊತ್ತಾಗಬೇಕು."

"ಹೂಂ ಅಂತಾನಲ್ರೀ."

"ನಿಮ್ಮ ತಲೆ ಮೇಲೆ ಕುರಿ ಕುಂತೈತಾ ಅಂತ ಕೇಳ್ದೆ. ಅದಕ್ಕೂ ಹೂಂ ಅಂದ್ರು."

"ನಾನು ಒಡಹುಟ್ಟಿದ ತಮ್ಮ ಹೇಳ್ತಿದೀನಲ್ಲ, ಮೇಡಂ."

"ಸೂಜಿ ಚುಚ್ಚೋದು ನಿಮಗಲ್ವಲ್ಲ, ಯಜಮಾನ್ರೇ."

ಅಷ್ಟರಲ್ಲಿ ಅಣ್ಣ ಸೂಜಿಯ ತಟ್ಟೆ ನೋಡಿದ. ಹೆಗಲ ಟವೆಲು ಎಳೆದು ನನ್ನ ಕೈ ಮೇಲೆ ಹೊದಿಸಿದ. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಒಪ್ಪಿದರೆ ಬಿಗಿ ಹಿಡಿಯುವುದು, ಒಲ್ಲದಿದ್ದರೆ ಎದುರಿನವನ ಬೆರಳು ಮಡಚಿ ಹೊರಗೆ ತಳ್ಳುವುದು. ಚಿಕ್ಕಂದಿನಲ್ಲಿ ನನಗೆ ಕಲಿಸಿದವನೇ ಅವನು.

ಸೂಜಿ ಹಾಕುವ ಅವನ ಮೊಣಕೈ ಸಂದನ್ನು ತಟ್ಟಿ, ಟವೆಲಿನೊಳಗೆ ಒಂದು ಬೆರಳು ಕೊಟ್ಟೆ. ಇನ್ನು ಒಂದೇ ಒಂದು ಸಲ ಚುಚ್ಚಿಸಿಕೋ ಅಂತ. ಮಡಚಿ ತಳ್ಳಿದ. ಮತ್ತೆ ಕೊಟ್ಟೆ. ಇನ್ನೂ ಜೋರಾಗಿ ತಳ್ಳಿದ. ಬಾಯಿ ಮಾತ್ರ "ಹೂಂ, ಹೂಂ" ಅನ್ನುತ್ತಲೇ ಇತ್ತು.

"ಏನಂದ್ರು?" ಎಂದರು ಡಾಕ್ಟರಮ್ಮ.

ಆ ಕೋಣೆಯಲ್ಲಿ ಅದು ತಿಳಿದವರು ನಾವಿಬ್ಬರೇ. ಒಪ್ಪಿದ ಎಂದಿದ್ದರೂ ನಡೆಯುತ್ತಿತ್ತು. ಟವೆಲು ಕೊಡವಿ ಅವನ ಹೆಗಲಿಗೆ ಹಾಕಿದೆ.

"ಯಾಪಾರ ಇಲ್ಲ ಅಂತಾನೆ" ಅಂದೆ. ತಟ್ಟೆ ಒಳಗೆ ಹೋಯಿತು.

ಬಸ್ಸಿನಲ್ಲಿ ಅಣ್ಣನ ಮಾತು ಮತ್ತೆ ಶುರು. ಪಕ್ಕದ ಸೀಟಿನವನು ಸಾಕಷ್ಟು ಕೇಳಿ, "ಇವ್ರು ತೆಲುಗಿನೋರಾ?" ಎಂದ.

"ಅಲ್ಲಪ್ಪ, ಅದು ಅವನದೇ."

ಹೊಳಲ್ಕೆರೆ ಬರುವಷ್ಟರಲ್ಲಿ ತಡೆಯಲಾಗದೆ, ಅವನ ಟವೆಲಿನ ಕೆಳಗೆ ಕೈ ತೂರಿಸಿ ಮತ್ತೊಮ್ಮೆ ಒಂದು ಬೆರಳು ಕೊಟ್ಟೆ. ಮಾತು ನಿಲ್ಲಿಸದೆಯೇ ಮಡಚಿ ಹೊರಗೆ ತಳ್ಳಿದ.