ಹುರುಳಿಯ ಮೇಲೆ ನಾಲ್ಕು ಬೆರಳು

ಗೋಪಾಲಸ್ವಾಮಿ ಬೆಟ್ಟದಿಂದ ಇಳಿಯುವಾಗ ಮೂರನೆಯ ತಿರುವಿನಲ್ಲಿ ನಾನು ಬ್ರೇಕ್ ಒತ್ತಿದೆ. ಜೀಪು ಎಡಕ್ಕೆ ಎಳೆಯಿತು. ಸ್ಟೇರಿಂಗನ್ನು ನಾನು ಬಲಕ್ಕೇ ಹಿಡಿದಿದ್ದೆ. ಇದನ್ನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಬಂಪರು ಅಂಚಿನ ಮೋಟುಗೋಡೆಗೆ ತಾಗಿ ಒಂದು ಕಲ್ಲು ಕೆಳಕ್ಕೆ ಹೋಯಿತು. ಅದು ಬಿದ್ದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು. ಪಕ್ಕದಲ್ಲಿ ಅವ್ವ ಪ್ರಸಾದದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಪೊಟ್ಟಣ ಬೀಳಲಿಲ್ಲ.

ನಮ್ಮೂರು ಹರವೆಗೆ ಬಂದಾಗ ಅವಳು ಮನೆ ಮುಂದೆ ಇಳಿದು ಸೆರಗು ಸರಿಮಾಡಿಕೊಂಡು, "ಇನ್ಮೇಲೆ ನೀ ಓಡ್ಸೋ ಗಾಡಿಗೆ ನಾ ಅತ್ತಾಕಿಲ್ಲ ಕಣಪ್ಪ" ಅಂದಳು.

ತೊಂಬತ್ತರ ದಶಕದ ನಡುವಿನ ಮಾತು. ಆ ಜೀಪು ನನಗಿಂತ ಎರಡು ವರ್ಷ ದೊಡ್ಡದು. ಅಣ್ಣ, ನಾನು ಸರದಿಯ ಮೇಲೆ ಬಾಡಿಗೆಗೆ ಓಡಿಸುತ್ತಿದ್ದೆವು. ಅಂದಿನಿಂದ ಕೀಲಿ ಅಣ್ಣನ ಉಡಿದಾರಕ್ಕೆ ಸೇರಿತು.

"ಗಾಡಿ ಏನ್ ಮಾಡ್ತದ್ಲಾ? ನಿನ್ ಕೈ ನಡುಗ್ತು, ಅಷ್ಟೇಯ. ಆನೆ ಇಲ್ದೆ ಇದ್ರೂವೆ ಆನೆ ಕಂಡೋನಂಗೆ ಎದ್ರುಕೊಂಡೆ" ಅಂದ ಅಣ್ಣ.

ಟೀ ಅಂಗಡಿಯಲ್ಲಿ ಕೂತವರೆಲ್ಲ ದಿನಕ್ಕೊಂದು ಸಲ ಕೇಳುತ್ತಿದ್ದರು: "ಗೋಡೆ ಅಡ್ಡ ಬಂತೇನ್ಲಾ?"

ನಾನು ನಕ್ಕುಬಿಡುತ್ತಿದ್ದೆ. ಆದರೆ ತಪ್ಪು ಕೈಯದೋ ಗಾಡಿಯದೋ ಎಂಬುದು ನನಗೆ ತಿಳಿಯಬೇಕಿತ್ತು. ಕೈಯದಾದರೆ ಈ ಕೆಲಸ ಬಿಡಬೇಕು. ನಾಲ್ಕು ಟೈರಿನ ಗಾಳಿ ನೋಡಿದೆ, ಸಮ ಇತ್ತು. ಗುಂಡ್ಲುಪೇಟೆಯಲ್ಲಿ ಬ್ರೇಕು ಬಿಚ್ಚಿಸಿ ನೋಡಿಸಿದೆ, ಸರಿ ಇತ್ತು. ಹತ್ತು ಹೆಜ್ಜೆ ದೂರ ನಿಂತು ಕಣ್ಣಳತೆ ಹಿಡಿದೆ. ಬಾಡಿ ನೆಟ್ಟಗೆ, ಬಾಗಿಲು ಬಿಗಿಯಾಗಿ, ಹೊಸ ಮದುಮಗನ ಹಾಗಿತ್ತು. ಒಂದೇ ಅನುಮಾನ. ರಸ್ತೆ ನೇರ ಇದ್ದಾಗ ಸ್ಟೇರಿಂಗ್ ಮಾತ್ರ ಓರೆಯಾಗಿ ನಿಲ್ಲುತ್ತಿತ್ತು. "ಅದು ಅದ್ರ ಅಭ್ಯಾಸ ಕಣ್ಲಾ" ಅಂದ ಅಣ್ಣ.

ಎರಡು ವಾರದ ಮೇಲೆ ಅಣ್ಣನ ಪಕ್ಕ ಕೂತು ಚಾಮರಾಜನಗರಕ್ಕೆ ಹೊರಟಿದ್ದೆ. ಹುರುಳಿ ಒಕ್ಕಣೆಯ ಕಾಲ. ಕಿತ್ತ ಗಿಡಗಳನ್ನು ಟಾರು ರಸ್ತೆಗೆ ಹರಡಿದ್ದರು. ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿ ಕೊಡುತ್ತವೆ. ಒಬ್ಬ ಅಜ್ಜಿ ಆಗಷ್ಟೇ ಎಲ್ಲವನ್ನೂ ಮಗುಚಿ ಹಾಕಿ ಅಂಚಿಗೆ ಸರಿದಿದ್ದಳು. ನಮ್ಮ ಜೀಪು ಹಾದುಹೋದದ್ದೇ ತಡ, ಕೋಲು ಎತ್ತಿ ಕೂಗಿದಳು. ಬೈಯುತ್ತಾಳೆಂದು ಅಣ್ಣ ನಿಲ್ಲಿಸಿದ.

"ಇನ್ನೊಂದ್ ಕಿತ ಇಂದಕ್ಕೆ ಓಗಿ ಮುಂದಕ್ ಬನ್ನಿ ಮಗ, ಪುಣ್ಯ ಬತ್ತದ."

"ಯಾಕಜ್ಜಿ? ಬೇರೆ ಗಾಡಿ ಬರಾಕಿಲ್ವಾ?" ಅಂದ ಅಣ್ಣ.

"ಬತ್ತವ. ನಿಮ್ದಷ್ಟು ಅಗ್ಲಕ್ಕೆ ಯಾವ್ದೂ ತುಳಿಯಾಕಿಲ್ಲ. ಇಂದ್ಲ ಚಕ್ರ ಮುಂದ್ಲದ್ರ ಜಾಡ್ನಾಗೆ ಓಗಾಕಿಲ್ಲ. ಪಳಗದ ಎತ್ತು ಓದಂಗೆ ಓರೆಗೆ ಓಯ್ತದ."

ನಾನು ಇಳಿದೆ. ನುಜ್ಜಾದ ಕಾಯಿಯ ಸಾಲಿಗೆ ಕೈಯಿಟ್ಟು ಅಳೆದೆ. ನಮ್ಮ ಟೈರು ಒಂದು ಗೇಣು. ಸಾಲು ಒಂದು ಗೇಣು, ಮೇಲೆ ನಾಲ್ಕು ಬೆರಳು. ಆಚೆ ಸಾಲನ್ನೂ ಅಳೆದೆ, ಅಷ್ಟೇ. ಮತ್ತೊಮ್ಮೆ ಬೆರಳಿಟ್ಟು ನೋಡಿದೆ. ನಾಲ್ಕೇ.

ಚಾಮರಾಜನಗರದ ಗ್ಯಾರೇಜಿನ ಮೇಸ್ತ್ರಿ ಜೀಪನ್ನು ಸಿಮೆಂಟು ನೆಲಕ್ಕೆ ಹತ್ತಿಸಿದರು. ಬಾಡಿಯ ಕಡೆ ನೋಡಲೇ ಇಲ್ಲ. ಅದರ ಅಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯಿಂದ ನಾಲ್ಕು ಕಡೆ, ಗಾರೆಯವರು ಗೋಡೆಗೆ ಹಿಡಿಯುವ ತೂಗುಗುಂಡು ಇಳಿಬಿಟ್ಟು, ಗುಂಡು ನಿಂತಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದರು. ಜೀಪನ್ನು ಹಿಂದಕ್ಕೆ ತಳ್ಳಿಸಿ, ಮೂಲೆಯಿಂದ ಮೂಲೆಗೆ ದಾರ ಹಿಡಿದರು. ಎರಡು ದಾರವೂ ಒಂದೇ ಉದ್ದ ಬರಬೇಕಿತ್ತು. ಒಂದು ದಾರ ಇನ್ನೊಂದಕ್ಕಿಂತ ಎರಡು ಬೆರಳು ಉದ್ದ ಬಂತು.

ಮತ್ತೆ ಅಡಿಗೆ ನುಸುಳಿ, ಅಲ್ಲಿಂದಲೇ ನಕ್ಕರು. ಎಡಗಡೆ ಬಾಡಿಗೂ ಚಾಸಿಗೂ ನಡುವೆ ಯಾರೋ ವಾಷರು, ಹಳೇ ಟೈರಿನ ತುಂಡು ಪೇರಿಸಿ ಮೇಲಿನದನ್ನಷ್ಟೇ ನೆಟ್ಟಗೆ ಕೂರಿಸಿದ್ದರು. "ಸೊಂಟ ಮುರ್ದೋನ್ಗೆ ಇಸ್ತ್ರಿ ಅಂಗಿ ತೊಡ್ಸವ್ರೆ. ಚಾಸಿ ಇಲ್ಲಿ ಮಡಿಚ್ಕೊಂಡದ, ಮೇಲೆ ಬಣ್ಣ ಒಡ್ದವ್ರೆ. ಯಾರಣ್ಣ ಇದ್ನ ಅಳ್ಳಕ್ಕೆ ಇಳ್ಸಿದ್ದು?"

ಅಣ್ಣನಿಗೆ ಇದ್ದಕ್ಕಿದ್ದಂತೆ ಎದುರಿನ ಸೈಕಲ್ ಶಾಪಿನ ಮೇಲೆ ಬಹಳ ಆಸಕ್ತಿ ಬಂತು. ಸೈಕಲ್ಲುಗಳನ್ನೇ ನೋಡುತ್ತ ಹೇಳಿದ: "ಓದ್ ವರ್ಷ, ಮದ್ದೂರ್ ತಾವ. ಕಾಡಂದಿ ಅಡ್ಡ ಬಂತು ಕಣ್ಲಾ. ಟಿಂಕರಿಂಗ್ ಮಾಡ್ಸಿದ್ನಲ್ಲ, ಸರಿ ಓಯ್ತು ಅನ್ಕಂಡೆ."

"ಅಂದಿನೋ, ಗೋಡೆನೋ?" ಅಂದೆ. ಒಂದೇ ಸಲ ಅಂದೆ.

ಚಾಸಿ ಕಾಯಿಸಿ ಎಳೆದು, ಪಟ್ಟಿ ಹಾಕಿ, ದಾರ ಸಮ ಬರುವಷ್ಟರಲ್ಲಿ ಎಂಟು ದಿನ ಹಿಡಿಯಿತು. ಮನೆಗೆ ತಂದ ದಿನ ಅಣ್ಣ ಅವ್ವನ ಮುಂದೆಯೇ ಕೀಲಿ ಬಿಚ್ಚಿ ನನ್ನ ಕೈಗೆ ಕೊಟ್ಟ. ಅವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು. "ಎಲ್ಲೀಗಂಟ ಓಯ್ತೀಯ, ನೋಡನ" ಅಂತ ಮುಂದಿನ ಸೀಟಿಗೇ ಹತ್ತಿದಳು.

ಒಕ್ಕಣೆ ಇನ್ನೂ ಮುಗಿದಿರಲಿಲ್ಲ. ಹುರುಳಿಯ ಮೇಲೆ ಮೆಲ್ಲಗೆ ಹಾಯಿಸಿದೆ. ಅಜ್ಜಿ ಬಗ್ಗಿ ಸಾಲು ನೋಡಿ, ಕೋಲು ನೆಲಕ್ಕೆ ಕುಟ್ಟಿದಳು.

"ಥೂ, ಯಾರ್ಲಾ ಇದ್ನ ರಿಪೇರಿ ಮಾಡ್ಸಿದ್ದು? ಈಗ ಎಲ್ರಂಗೇ ತುಳೀತದಲ್ಲ!"

ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಮ್ ಕಿರಿ ಮಗ ಕಣವ್ವ" ಅಂದಳು.