ಅಮ್ಮ ಅಂಟಿಸಿದ ಮೂರು ಗ್ಲೋಬುಗಳು

ಚಾಮರಾಜಪೇಟೆಯಲ್ಲಿ ನಮ್ಮದನ್ನು ‘ಭೂಮಿ ಮಾಡೋರ ಮನೆ’ ಅಂತಲೇ ಕರೆಯುತ್ತಿದ್ದರು. ಶಾಲೆಗಳಿಗೆ ಗ್ಲೋಬು ಮಾಡಿಕೊಡುವ ಕಸುಬು ಶುರು ಮಾಡಿದ್ದು ತಾತ. ಅವರ ನಂತರ ಅಪ್ಪ, ಅಮ್ಮ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಮತ್ತು ಮಗಳಾದ ನಾನು. ಇಡೀ ಭೂಮಿ ತಯಾರಾಗುವ ಮನೆಯಲ್ಲಿ ದಿನಕ್ಕೆ ಹತ್ತು ಮಾತೂ ಹುಟ್ಟುತ್ತಿರಲಿಲ್ಲ. “ಅಂಟು ಆಯ್ತಾ?” “ಆಯ್ತು.” ಅಷ್ಟೇ.

ಕಾಗದದ ಉಂಡೆಯ ಮೇಲೆ ನಕ್ಷೆಯ ಹನ್ನೆರಡು ಪಟ್ಟಿಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಅಂಟಿಸಬೇಕು. ನಾನು, ಅಪ್ಪ ಎಡದಿಂದ ಬಲಕ್ಕೆ ಅಂಟಿಸುತ್ತಿದ್ದೆವು. ಅಮ್ಮನದು ಎಡಗೈ, ಅವಳು ಬಲದಿಂದ ಎಡಕ್ಕೆ. ಹಾಗಾಗಿ ಅವಳ ಗ್ಲೋಬು ಕಣ್ಣು ಮುಚ್ಚಿದರೂ ಗುರುತು ಸಿಗುತ್ತಿತ್ತು. ಬೆರಳನ್ನು ಎಡಕ್ಕೆ ಎಳೆದರೆ ಅಂಚು ತಡೆಯುತ್ತಿತ್ತು. ಮಾರದೆ ಉಳಿದವುಗಳಲ್ಲಿ ಅಂಥವು ಮೂರಿದ್ದವು. ಅಪ್ಪ ಇಲ್ಲದಾಗ ಅವುಗಳ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದೆ.

ದೇಶ ಎರಡಾಯಿತು. ಹಳೆಯ ನಕ್ಷೆ ಯಾವ ಶಾಲೆಗೂ ಬೇಡವಾಯಿತು.

“ಇರೋದನ್ನೆಲ್ಲಾ ಸುಲಿದ್ಬಿಡು, ಹೊಸ ನಕ್ಷೆಗೆ ಉಂಡೆ ಬೇಕು,” ಎಂದು ಅಪ್ಪ ವಾರ್ನಿಷ್ ತರಲು ಬಳೇಪೇಟೆಗೆ ಹೊರಟರು.

“ಎಲ್ಲಾನೂನಾ?”

“ಎಲ್ಲಾ ಅಂದ್ರೆ ಎಲ್ಲಾ.”

ಮೈ ಉರಿದುಹೋಯಿತು. ಜ್ವರದವರ ಹಣೆಗೆ ಹಾಕುವಂತೆ ಒದ್ದೆ ಬಟ್ಟೆ ಸುತ್ತಿ, ನೆನೆದ ಮೇಲೆ ಒಂದೊಂದೇ ಸುಲಿದೆ. ಆ ಮೂರನ್ನು ಕೊನೆಗೆ ಉಳಿಸಿಕೊಂಡು, ಅಪ್ಪ ಬಂದು ‘ಅವು ಇರಲಿ’ ಅನ್ನಲಿ ಎಂದು ಕಾದೆ. ಊಟದ ಹೊತ್ತು ಮೀರಿದರೂ ಬರಲಿಲ್ಲ. ಅವರಿಗೇ ಬೇಡವಾದದ್ದು ನನಗ್ಯಾಕೆ ಎಂಬ ಹಟದಲ್ಲಿ ಅವನ್ನೂ ಸುಲಿದು ಹಾಕಿದೆ.

ಸಂಜೆ ಅಪ್ಪ ಒಣಗಲಿಟ್ಟ ಬೋಳು ಉಂಡೆಗಳ ಮುಂದೆ ಬಂದು ನಿಂತರು. ಆಮೇಲೆ ಅಟ್ಟದ ಮೇಲೆ ನೋಡಿದರು, ನನ್ನ ಹಾಸಿಗೆ ಸುರುಳಿಯ ಹಿಂದೆ ನೋಡಿದರು.

“ಅವಳದ್ದು ಎಲ್ಲಿಟ್ಟಿದೀಯಮ್ಮಾ?”

“ಎಲ್ಲಾ ಅಂದ್ರಲ್ಲ.”

“ಒಂದಾದ್ರೂ ಬಚ್ಚಿಟ್ಕೋತೀಯ ಅಂದ್ಕೊಂಡಿದ್ದೆ.”

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವತ್ತು ಒಬ್ಬರ ಎದುರಿಗೊಬ್ಬರು ಕೂತು ಉಂಡೆವು. ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ಉಂಡಿಲ್ಲ.

ಹೊಸ ನಕ್ಷೆ ಬಂದಾಗ ಅಂಟಿನ ಬಟ್ಟಲನ್ನು ಎಡಗಡೆಗಿಟ್ಟುಕೊಂಡು, ಮೊದಲ ಗ್ಲೋಬನ್ನು ಹಟ ಹಿಡಿದು ಎಡಗೈಯಲ್ಲೇ, ಬಲದಿಂದ ಎಡಕ್ಕೆ ಅಂಟಿಸಿ ಅಪ್ಪನ ಮುಂದಿಟ್ಟೆ. ಅವರು ಕಣ್ಣು ಮುಚ್ಚಿ ಬೆರಳನ್ನು ಎಡಕ್ಕೆ ಎಳೆದರು. ಅವರಿಗೂ ಆ ಅಭ್ಯಾಸವಿತ್ತೆಂದು ನನಗೆ ಗೊತ್ತಾದದ್ದು ಆಗ.

“ಅವಳದ್ರಲ್ಲಿ ಸುಕ್ಕು ಬರ್ತಿರ್ಲಿಲ್ಲ,” ಎಂದು ಅಂಟಿನ ಬಟ್ಟಲನ್ನು ಮತ್ತೆ ನನ್ನ ಬಲಗಡೆಗೆ ಸರಿಸಿದರು.