ಸಾಸಿವೆ ಸದ್ದಿನ ಹಿಂದೆ

ಮೊನ್ನೆ ಒಗ್ಗರಣೆ ಸೀದುಹೋಯಿತು. ಮಗಳು ಅಡಿಗೆಮನೆಗೆ ಹೊಗೆ ಎಳೆಯುವ ಚಿಮ್ನಿ ಹಾಕಿಸಿದ ಮೇಲೆ ಅದರ ಗೊರಗೊರದಲ್ಲಿ ಸಾಸಿವೆ ಸಿಡಿದದ್ದು ಕೇಳಿಸುವುದೇ ಇಲ್ಲ. ಸೀದ ಘಾಟು ಮೂಗಿಗೆ ಬಡಿದಾಗ ಚಿಕ್ಕಮಾವ ನೆನಪಾದರು...

ಅವರು ನನ್ನ ಮಾವನವರ ತಮ್ಮ. ನೌಕಾಪಡೆಯಿಂದ ನಿವೃತ್ತರಾಗಿ, ಎಪ್ಪತ್ತರ ದಶಕದ ಕೊನೆಗೆ ಒಂದು ಟ್ರಂಕು ಹಿಡಿದುಕೊಂಡು ಕೆಲಮಂಗಲದ ನಮ್ಮ ಮನೆಗೆ ಬಂದರು. ಮದುವೆಯಾಗಿರಲಿಲ್ಲ. ನನ್ನ ಗಂಡ ಹೊಸೂರಿನ ಫ್ಯಾಕ್ಟರಿಗೆ ಬಸ್ಸು ಹತ್ತಿ, ಅತ್ತೆ ಮಾವ ಹೊಲಕ್ಕೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರೇ. ನಾನು ಹೊಸ ಸೊಸೆ, ಬಾಯಿ ಜೋರು. ಅವರದು ಕೇಳಿದ್ದಕ್ಕಷ್ಟೇ ಉತ್ತರ.

ನಾನು ಒಗ್ಗರಣೆಗೆ ಎಣ್ಣೆ ಇಟ್ಟರೆ ಸಾಕು, ಅಡಿಗೆಮನೆಯ ಹೊಸ್ತಿಲಾಚೆ ಬಂದು ಕುಕ್ಕುರುಗಾಲಲ್ಲಿ ಕೂರುತ್ತಿದ್ದರು. ಸಾಸಿವೆ ಸಿಡಿಯುವಾಗ ನಾನು ಬಾಯಿ ತೆರೆದರೆ ಒಂದು ಬೆರಳೆತ್ತಿ ಸುಮ್ಮನಾಗಿಸುವರು. ಸದ್ದು ನಿಂತ ಮೇಲೆ ಎದ್ದು ಹೋಗುವರು, ಊಟವನ್ನೂ ಕೇಳದೆ. ನಮ್ಮ ಚಿಕ್ಕಮಾವನಿಗೆ ಒಗ್ಗರಣೆಯೇ ಹರಿಕಥೆ ಎಂದು ಪಕ್ಕದ ಮನೆಯವರ ಹತ್ತಿರ ನಗಾಡಿದ್ದೂ ಉಂಟು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಸಬ್‌ಮರೀನು ಹುಡುಕುವ ವಿಮಾನದಲ್ಲಿ ಅವರದು ಕೇಳಿಸಿಕೊಳ್ಳುವ ಕೆಲಸವಂತೆ. ನೀರಿನಡಿ ಅಡಗಿದ್ದು ಕಣ್ಣಿಗೆ ಕಾಣುವುದಿಲ್ಲವಲ್ಲ. ಅದಕ್ಕೇ ಒಂದು ಉದ್ದನೆಯ ಕೊಳವೆಯನ್ನು ಪುಟ್ಟ ಪ್ಯಾರಾಚೂಟು ಕಟ್ಟಿ ಸಮುದ್ರಕ್ಕೆ ಬೀಳಿಸುತ್ತಿದ್ದರು. ಅದು ತೇಲುತ್ತಾ, ತಂತಿಯ ತುದಿಯಲ್ಲಿ ಮೈಕನ್ನು ಆಳಕ್ಕೆ ಇಳಿಬಿಟ್ಟು, ಅಲ್ಲಿನ ಸದ್ದನ್ನು ರೇಡಿಯೋದಲ್ಲಿ ಮೇಲಕ್ಕೆ ಕಳಿಸುವುದು. ಇವರು ಹೆಡ್‌ಫೋನು ಹಾಕಿಕೊಂಡು, ಎಲ್ಲಾದರೂ ಸಬ್‌ಮರೀನಿನ ಸದ್ದು ಸಿಕ್ಕೀತೇ ಎಂದು ಕಿವಿಗೊಡಬೇಕು. ಇವರು ಬೆರಳೆತ್ತಿದರೆ ಜೊತೆಯವರು ಬಾಯಿ ಮುಚ್ಚಬೇಕು. ಆದರೆ ಬಹಳ ಸಲ ಕೇಳಿಸುತ್ತಿದ್ದುದು ಸೀಗಡಿಗಳು ಇಕ್ಕಳದಂಥ ಕಾಲನ್ನು ಚಟಕ್ಕೆನ್ನಿಸುವ ಸದ್ದು. ಥೇಟ್ ಒಗ್ಗರಣೆಯದೇ.

ಒಮ್ಮೆ ಜ್ವರ ಬಂದು ಇವರು ಉಳಿದುಕೊಂಡರು. ಜೊತೆಗಾರರು ಹೋದ ವಿಮಾನ ವಾಪಸು ಬರಲಿಲ್ಲ. ಮರುದಿನ ಹುಡುಕಲು ಹೊರಟ ವಿಮಾನದಲ್ಲಿ, ಜ್ವರದಲ್ಲೇ ಹೋಗಿ ಕೂತರಂತೆ. ಅದೇ ಕೊಳವೆಗಳನ್ನು ಸಮುದ್ರಕ್ಕೆ ಬೀಳಿಸಿ, ಸಬ್‌ಮರೀನಿಗೆಂದು ಇದ್ದ ಕಿವಿಯನ್ನು ಅಂದು ಜೊತೆಗಾರರಿಗೆ ಕೊಟ್ಟರು.

“ಸೀಗಡಿ ಸದ್ದು ಬುಟ್ರೆ ಏನೂ ಇರ್ಲಿಲ್ಲ ತಾಯಿ,” ಎಂದರು. “ಅದ್ರ ಹಿಂದ್ಗಡೆ ಏನಾರ ಕೇಳಿಸ್ತದಾ ಅಂತ ಈಗ್ಲೂ ನೋಡ್ತೀನಿ.”

ಅಂದಿನಿಂದ ನಾನು ಸಾಸಿವೆ ತುಸು ಹೆಚ್ಚೇ ಹಾಕತೊಡಗಿದೆ. ಸಾರಿಗಿಂತ ಸಾಸಿವೆಯೇ ಜಾಸ್ತಿ ಎಂದು ಅತ್ತೆ ಬೈದರು. ಬೈಯಲಿ ಎಂದುಕೊಂಡೆ.

ಕೆಲವು ವರ್ಷ ಹೀಗೇ ನಡೆಯಿತು. ವಿಮಾನದ ಇಂಜಿನ್ನಿನ ಅಬ್ಬರ ತಿಂದ ಕಿವಿ ಒಳಗೊಳಗೇ ಸೋಲುತ್ತಿದ್ದುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ, ಎಣ್ಣೆ ಕಾದದ್ದು ನೋಡಿ ಎಂದಿನಂತೆ ಬೆರಳೆತ್ತಿದರು. ಸಾಸಿವೆ ಸಿಡಿಯಿತು, ಸಿಡಿದು ಮುಗಿಯಿತು. ಬೆರಳು ಮಾತ್ರ ಇಳಿಯಲಿಲ್ಲ.

“ಸಾಸ್ವೆ ಆಕ್ಲಿಲ್ವಾ ತಾಯಿ?”

ನಾನು ಇನ್ನೊಂದು ಹಿಡಿ ಹಾಕಿದೆ. ಒಂದು ಕಾಳು ಬಾಣಲೆಯಿಂದ ಹಾರಿ ಅವರ ಕಾಲ ಬಳಿ ಬಿತ್ತು. ಅದನ್ನೇ ನೋಡುತ್ತಾ ಮೆಲ್ಲಗೆ ಬೆರಳಿಳಿಸಿದರು.

“ನಾನೊಬ್ನಾದ್ರೂ ಕೇಳ್ತಿದ್ದೆ. ಇನ್ನ ಅವ್ರಿಗೆ ಯಾರವ್ರೆ?”

ಆಮೇಲೆ ಅವರು ಹೊಸ್ತಿಲ ಬಳಿ ಬರಲಿಲ್ಲ. ಜಗಲಿಯಲ್ಲೇ ಕೂತಿರುತ್ತಿದ್ದರು, ಊಟ ಅಲ್ಲಿಗೇ ಕೊಡುತ್ತಿದ್ದೆ. ಎಂಬತ್ತರ ದಶಕ ಮುಗಿಯುವ ಮೊದಲೇ ಹೋಗಿಬಿಟ್ಟರು. ಹತ್ತು ವರ್ಷ ನನ್ನ ಹಗಲುಗಳಿಗೆ ಇದ್ದ ಜೊತೆ ಅವರೊಬ್ಬರೇ ಎಂಬುದು ಆ ಜಗಲಿ ಖಾಲಿಯಾದಾಗ ತಿಳಿಯಿತು...

ನಾನು ಇಂದಿಗೂ ಸಮುದ್ರ ನೋಡಿದವಳಲ್ಲ. ಮೊನ್ನೆ ಸೀದದ್ದನ್ನು ಚೆಲ್ಲಿ, ಚಿಮ್ನಿ ಆರಿಸಿ, ಮತ್ತೆ ಎಣ್ಣೆ ಇಟ್ಟೆ. ಮಗಳು ಏನೋ ಕೇಳಲು ಬಂದಳು. ಬೆರಳೆತ್ತಿದೆ. ಸಾಸಿವೆಯ ಸದ್ದು ಪೂರ್ತಿ ಅಡಗುವವರೆಗೂ ಇಳಿಸಲಿಲ್ಲ. ಅದರ ಹಿಂದೆ ಅವರ ಜೊತೆಗಾರರೂ ಇರಲಿಲ್ಲ, ಅವರೂ ಇರಲಿಲ್ಲ.